ಚಾಮಯ್ಯ ಮೇಷ್ಟ್ರ ಮೇಲೆ ಹರಿಹರದ ಹುಡುಗಿಯ ತಕರಾರು

ಹರಿಹರದಲ್ಲಿ ಶಿವಮೊಗ್ಗದ ಕಡೆಯ ಬಸ್ಸು ಹತ್ತಿದರೆ ದಾರಿಯಲ್ಲಿ ಮಲೇಬೆನ್ನೂರು ಸಿಗುತ್ತದೆ. ಭದ್ರಾ ನಾಲೆಯ ನೀರು, ಭತ್ತದ ಗದ್ದೆಗಳ ಊರು. 1920ರ ಏಪ್ರಿಲ್ 21ರಂದು ಅಲ್ಲಿ ಹುಟ್ಟಿದ ಟಿ.ಆರ್. ಸುಬ್ಬರಾವ್ ಅವರು ಮುಂದೆ ಕನ್ನಡದ ತರಾಸು ಆದರು. ಮನೆತನ ಚಳ್ಳಕೆರೆ ಸೀಮೆಯ ತಳುಕಿನದು, ಬರೆದದ್ದರಲ್ಲಿ ಜನ ಹೆಚ್ಚು ನೆನೆಯುವುದು ದುರ್ಗದ ಪಾಳೆಯಗಾರರ ಕಥೆಗಳನ್ನು. ಹಾಗಾಗಿ ದುರ್ಗದವರು ಅವರನ್ನು ತಮ್ಮವರೆಂದು ಎದೆಗಪ್ಪಿಕೊಂಡರು. ನಾವು, ಅಂದರೆ ದಾವಣಗೆರೆ-ಹರಿಹರದವರು, ಅದಕ್ಕೇನೂ ತಕರಾರು ಮಾಡಲಿಲ್ಲ. 1997ರ ಆಗಸ್ಟ್ 15ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ ಅಲ್ಲವೆ? ಜಿಲ್ಲೆ ಬೇರೆಯಾದಾಗ ಕಚೇರಿ, ಕಡತ ಹಂಚಿಕೊಂಡೆವು. ತರಾಸು ಅವರನ್ನು ಯಾರೂ ಕೇಳಲಿಲ್ಲ.

ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ 1972ರ ಡಿಸೆಂಬರ್ 29ರಂದು ತೆರೆಗೆ ಬಂತು. ಎನ್. ವೀರಾಸ್ವಾಮಿ ಅವರ ಈಶ್ವರಿ ಸಂಸ್ಥೆಯ ಚಿತ್ರ. ಅದುವರೆಗೆ ‘ವಂಶವೃಕ್ಷ’ದಲ್ಲಿ ಒಂದು ಚಿಕ್ಕ ಪಾತ್ರದಲ್ಲಿ ಬಂದುಹೋಗಿದ್ದ ಸಂಪತ್‌ಕುಮಾರ್ ಎಂಬ ಇಪ್ಪತ್ತೆರಡರ ಹುಡುಗ ಇದರಲ್ಲಿ ನಾಯಕ ರಾಮಾಚಾರಿಯ ವೇಷ ತೊಟ್ಟು ವಿಷ್ಣುವರ್ಧನ್ ಆದ. ಪಿಟೀಲು ಚೌಡಯ್ಯನವರ ಮೊಮ್ಮಗ ಅಮರನಾಥ್ ಇದೇ ಚಿತ್ರದಲ್ಲಿ ಜಲೀಲನ ವೇಷದಲ್ಲಿ ಅಂಬರೀಷ್ ಆದ. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಸಿಟ್ಟಿನ ತರುಣನಾಗಿ ಹೆಸರು ಮಾಡಿದ ‘ಜಂಜೀರ್’ ಬಂದದ್ದು 1973ರ ಮೇ ತಿಂಗಳಲ್ಲಿ. ನಮ್ಮ ದುರ್ಗದ ಬಂಡೆಗಳ ಮೇಲೆ ಸಿಟ್ಟಿನ ಹುಡುಗ ಅದಕ್ಕೂ ಮುಂಚೆಯೇ ಹಲ್ಲು ಕಚ್ಚಿ ನಿಂತಿದ್ದ. ಇದನ್ನು ನಾವು ಯಾರೂ ಜೋರಾಗಿ ಹೇಳಿಕೊಂಡಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಆದರೆ ಈ ಸಿನಿಮಾವನ್ನು ನಾನು ಸರಿಯಾಗಿ ನೋಡಿದ್ದೇನೆಯೇ ಎಂಬ ಅನುಮಾನ ಹುಟ್ಟಿಸಿದ್ದು ನನ್ನ ಅಕ್ಕನ ಮಗಳು. ಹರಿಹರದಿಂದ ದಿನವೂ ದಾವಣಗೆರೆಗೆ ಬಸ್ಸಿನಲ್ಲಿ ಬಂದು ಎಂಜಿನಿಯರಿಂಗ್ ಓದುವ ಹುಡುಗಿ. ಓದುವುದಕ್ಕಿಂತ ಸಿನಿಮಾ ನೋಡುವುದೇ ಹೆಚ್ಚು. ಪಿ.ಬಿ. ರಸ್ತೆಯ ಆ ಹದಿನಾಲ್ಕು ಕಿಲೋಮೀಟರ್ ದಾರಿಯಲ್ಲಿ, ಬಾತಿ ಗುಡ್ಡದ ಹತ್ತಿರ ಸಿಗ್ನಲ್ ತಪ್ಪಿದರೂ ಬೇಸರಿಸದೆ, ಅಂಗೈ ಅಗಲದ ಪರದೆಯಲ್ಲಿ ಕುರೊಸಾವಾನನ್ನೂ ಸತ್ಯಜಿತ್ ರಾಯ್ ಅವರನ್ನೂ ಮುಗಿಸಿದವಳು. ನೋಡಿದ್ದಕ್ಕೆಲ್ಲ ಲೆಟರ್‌ಬಾಕ್ಸ್‌ಡ್ ಎಂಬ ಆ್ಯಪ್‌ನಲ್ಲಿ ನಕ್ಷತ್ರ ಕೊಡುತ್ತಾಳೆ. ಇಂಥವಳು ‘ನಾಗರಹಾವು’ ನೋಡಿರಲಿಲ್ಲ!

ನೋಡಿರಲಿಲ್ಲ ಎಂದರೆ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಕಡೆ ‘ನಾಗರಹಾವು’ ಗೊತ್ತಾಗಲು ಸಿನಿಮಾವನ್ನೇ ನೋಡಬೇಕಿಲ್ಲ. ನವೆಂಬರ್ ಬಂತೆಂದರೆ ಶಾಲೆಯ ವೇದಿಕೆಯಲ್ಲಿ ಯಾವಳೋ ಹುಡುಗಿ ಒನಕೆ ಹಿಡಿದು ಓಬವ್ವನಾಗುತ್ತಾಳೆ. ಆಟೋ ಹಿಂಬದಿಯಲ್ಲಿ ವಿಷ್ಣು ಕೈಯ ಕಡಗ ತಿರುಗಿಸುತ್ತಿರುತ್ತಾನೆ. ರವಿಚಂದ್ರನ್ 1991ರಲ್ಲಿ ‘ರಾಮಾಚಾರಿ’ ಆದರು, ಅವರು ವೀರಾಸ್ವಾಮಿಯವರ ಮಗನೇ. 2014ರಲ್ಲಿ ಯಶ್ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯಲ್ಲಿ ವಿಷ್ಣು ಅಭಿಮಾನಿಯಾಗಿ ಅದೇ ಹೆಸರು ಹೊತ್ತರು. ಆಮೇಲೆ ಟಿವಿ ಧಾರಾವಾಹಿಯೂ ಬಂತು. ಹೀಗಾಗಿ ನಮ್ಮ ಹುಡುಗಿಗೆ ಮೂಲ ರಾಮಾಚಾರಿಗಿಂತ ಮೊದಲು ನಕಲು ರಾಮಾಚಾರಿಗಳ ಪರಿಚಯವಾಗಿತ್ತು. ‘ಮೇಷ್ಟ್ರು ದೇವರಂಥವರು, ಶಿಷ್ಯ ಮುಂಗೋಪಿ, ಕೊನೆಗೆ ಎಲ್ಲರೂ ಸಾಯ್ತಾರೆ’ ಎಂದು ಕಥೆಯನ್ನೂ ಅವಳಿಗೆ ಯಾರೋ ಹೇಳಿಯಾಗಿತ್ತು. ಯಾರೋ ಏನು, ಅವಳ ಅಜ್ಜಿಯೇ. ನನ್ನ ಅವ್ವ.

ಅವ್ವ ಇದನ್ನು ನೋಡಿದ್ದು ಹೊಸದಾಗಿ ಮದುವೆಯಾಗಿ ಹರಿಹರಕ್ಕೆ ಬಂದಾಗ. ಅಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದರು. ಆ ಕಾರ್ಖಾನೆ ಈಗಿಲ್ಲ, ಅದರ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳು ಇನ್ನೂ ಇವೆ. ಆಗ ಹೊಸ ಸಿನಿಮಾ ಬೆಂಗಳೂರಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಓಡಿ, ರೀಲಿನ ಡಬ್ಬಗಳು ಗೀರುಬಿದ್ದು ನಮ್ಮಲ್ಲಿಗೆ ಬರುವ ಹೊತ್ತಿಗೆ ಹಾಡುಗಳೆಲ್ಲ ರೇಡಿಯೊದಲ್ಲಿ ಬಾಯಿಪಾಠವಾಗಿರುತ್ತಿದ್ದವು. ಅವ್ವನೂ ಹಾಡು ಮೊದಲು ಕೇಳಿ, ಸಿನಿಮಾ ಆಮೇಲೆ ನೋಡಿದವಳೇ. ದಾವಣಗೆರೆಗೆ ಹೋಗಿ ಸೆಕೆಂಡ್ ಶೋ ನೋಡಿ ವಾಪಸಾಗುವ ತಾಪತ್ರಯ, ಅದಕ್ಕೆ ಅತ್ತೆಯಿಂದ ತಿಂದ ಬೈಗುಳ ಅವಳಿಗೆ ಸಿನಿಮಾದಷ್ಟೇ ಚೆನ್ನಾಗಿ ನೆನಪಿದೆ. ಮಿಲ್ಲುಗಳು ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಊರಲ್ಲಿ ರಾತ್ರಿ ಆಟಕ್ಕೂ ಗಾಂಧಿ ಕ್ಲಾಸ್ ತುಂಬುತ್ತಿತ್ತು. ಒಂದು ಕಡೆ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ, ಇನ್ನೊಂದು ಕಡೆ ಟಾಕೀಸುಗಳು. ಜನಕ್ಕೆ ಎರಡರಲ್ಲೂ ಕಣ್ಣೀರು ಬೇಕಿತ್ತು, ಎರಡೂ ಕೊಟ್ಟವು. ಅಶೋಕ ಟಾಕೀಸಿನ ಹೆಸರನ್ನು ಇಂದಿನ ಹುಡುಗರು ಪಕ್ಕದ ರೈಲ್ವೆ ಗೇಟಿನ ಕಾರಣಕ್ಕೆ ಹೆಚ್ಚು ಬಲ್ಲರು. ದಾವಣಗೆರೆಯಲ್ಲಿ ಸಿನಿಮಾ ಮಂದಿರ ವಿಳಾಸವಾಗಿ ಉಳಿದಷ್ಟು ಗಟ್ಟಿಯಾಗಿ ಚಟವಾಗಿ ಉಳಿದಿಲ್ಲ.

ಮೊನ್ನೆ ಒಂದು ಭಾನುವಾರ ನಮ್ಮ ಮನೆಯ ಟಿವಿಗೆ ಫೋನು ಜೋಡಿಸಿ ಅವಳು ಸಿನಿಮಾ ಹಾಕಿದಳು. ಪಕ್ಕದಲ್ಲಿ ಅಜ್ಜಿ, ಮಧ್ಯೆ ಖಾರ ಮಂಡಕ್ಕಿಯ ಬೋಗುಣಿ.

ಮೊದಲ ಅರ್ಧ ಗಂಟೆ ಹುಡುಗಿಗೆ ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಹೋಗಿ ಸಿಕ್ಕಿಬಿದ್ದ ರಾಮಾಚಾರಿ, ಅವಮಾನ ಮಾಡಿದ ಪ್ರಿನ್ಸಿಪಾಲರನ್ನು ರಾತ್ರಿ ಬಟ್ಟೆ ಬಿಚ್ಚಿಸಿ ಕಂಬಕ್ಕೆ ಕಟ್ಟುತ್ತಾನೆ. ಲೋಕನಾಥ್ ಅವರ ಆ ಪ್ರಿನ್ಸಿಪಾಲರನ್ನು ನೋಡಿ ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿಸಿಕೊಂಡಳು. ಆಮೇಲೆ ಕೋಟೆ. ಚಿಟ್ಟಿಬಾಬು ಅವರ ಕ್ಯಾಮೆರಾ ಬಂಡೆಗಳನ್ನು ಹಿನ್ನೆಲೆಯ ಪರದೆಯಂತೆ ಬಳಸುವುದಿಲ್ಲ. ಈ ಹುಡುಗ ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಬೆಳೆದವನು, ಮನೆಯಲ್ಲಿ ಕೂತಾಗ ಮಾತ್ರ ಇಕ್ಕಟ್ಟಿಗೆ ಸಿಕ್ಕವನಂತೆ ಕಾಣುತ್ತಾನೆ. ಹೈಸ್ಕೂಲು ಪ್ರವಾಸದಲ್ಲಿ ಅವಳೂ ಅದೇ ಕೋಟೆ ಹತ್ತಿದ್ದಳು. ಓಬವ್ವನ ಕಿಂಡಿಯಲ್ಲಿ ಬಗ್ಗಿ ಫೋಟೊ ತೆಗೆಸಿಕೊಳ್ಳದ ದಾವಣಗೆರೆ ಸೀಮೆಯ ಮಕ್ಕಳು ಸಿಗುವುದು ಕಷ್ಟ. ಜಯಂತಿ ಓಬವ್ವನಾಗಿ ಬಂದು ಹೋಗುವುದು ಒಂದೇ ಹಾಡಿಗೆ. ‘ಇಷ್ಟೇ ಹೊತ್ತಾ? ನಾನು ಪೂರ್ತಿ ಸಿನಿಮಾ ಇವರದೇ ಅಂದ್ಕೊಂಡಿದ್ದೆ’ ಎಂದಳು. ಐವತ್ತು ವರ್ಷ ಶಾಲೆಯ ವೇದಿಕೆಗಳನ್ನು ಆಳಿದ ಪಾತ್ರಕ್ಕೆ ಪುಟ್ಟಣ್ಣ ಕೊಟ್ಟದ್ದು ಕೆಲವೇ ನಿಮಿಷ.

ತೊಂದರೆ ಶುರುವಾದದ್ದು ಆಮೇಲೆ.

ರಾಮಾಚಾರಿಯ ಗೆಳೆಯ ವರದನ ತಂಗಿ ಅಲಮೇಲುವಿನ ಹಿಂದೆ ಜಲೀಲ ಬಿದ್ದಿದ್ದಾನೆ. ಅವನ ಕಾಟ ತಪ್ಪಿಸು ಎಂದು ವರದ ರಾಮಾಚಾರಿಯ ನೆರವು ಕೇಳುತ್ತಾನೆ. ನೆರವಾದರೆ ತಂಗಿಯನ್ನು ಕೊಡುವ ಮಾತೂ ಬರುತ್ತದೆ. ‘ಅವಳನ್ನ ಕೇಳಿದ್ರಾ?’ ಎಂದಳು ಹುಡುಗಿ, ಟಿವಿಗೆ ಹೇಳುವಂತೆ. ಮುಂದೆ ಅಲಮೇಲು-ರಾಮಾಚಾರಿ ನಿಜವಾಗಿಯೇ ಒಲಿಯುತ್ತಾರೆ. ಜಾತಿ ಬೇರೆ. ಮನೆಯವರು ಒಪ್ಪರು. ಆಗ ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರು ಬಂದು, ತಮ್ಮ ಮೇಲೆ ರಾಮಾಚಾರಿಗಿರುವ ಭಕ್ತಿಯನ್ನೇ ದಾಳವಾಗಿಟ್ಟು, ಅವಳನ್ನು ಬಿಟ್ಟುಬಿಡು ಎನ್ನುತ್ತಾರೆ. ಅವನು ಬಿಡುತ್ತಾನೆ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗುತ್ತದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿ ಸಿನಿಮಾ ನಿಲ್ಲಿಸಿದಳು. ಥಿಯೇಟರಿನಲ್ಲಿ ಇದು ಆಗುವಂಥದ್ದಲ್ಲ. ಮನೆಯಲ್ಲಿ ನೋಡುವುದರ ಅನಾನುಕೂಲವೂ ಅದೇ, ಅನುಕೂಲವೂ ಅದೇ.

‘ಮಾವ, ಇವರೇ ವಿಲನ್ ಅಲ್ವಾ?’

‘ಬಾಯ್ಬಿಡಬ್ಯಾಡ, ಪೂರ್ತಿ ನೋಡು’ ಎಂದಳು ಅವ್ವ.

ಪೂರ್ತಿ ನೋಡಿದಳು. ಪಂದ್ಯ ಕಟ್ಟಿ ರಾಮಾಚಾರಿ ಕ್ರೈಸ್ತ ಹುಡುಗಿ ಮಾರ್ಗರೆಟ್‌ಗೆ ಮುತ್ತು ಕೊಡುವ ದೃಶ್ಯ ಬಂದಾಗ ಅವಳ ಮುಖ ಗಂಟಿಕ್ಕಿತು. ನನಗೂ ಈ ಸಲ ಅದು ಮುಜುಗರವೇ. ತುಕಾರಾಂ ಎಂಬವನು ಸವಾಲು ಹಾಕಿದನೆಂದು ಒಬ್ಬ ಹುಡುಗಿಯ ಮೈಮುಟ್ಟುವುದು, ಅದರಿಂದ ಪ್ರೇಮ ಮೊಳೆಯುವುದು ಇವನ್ನು ಅಂದಿನ ಕಾಲವೆಂದು ಸಮರ್ಥಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಆ ಒಂದು ಕೊಂಡಿ ಸಡಿಲ, ಅಷ್ಟೇ. ವೇದಾಂತಂ ರಾಘವಯ್ಯನವರ ಮಗಳು ಶುಭಾ ಆ ಮಾರ್ಗರೆಟ್‌ಗೆ ತುಂಬಿದ ಬಿಸುಪು ದೊಡ್ಡದು. ಸಡಿಲ ಕೊಂಡಿಯನ್ನು ಆಕೆ ತನ್ನ ನಟನೆಯಿಂದ ಹೊಲಿದುಕೊಂಡು ಹೋಗುತ್ತಾರೆ.

ಮತ್ತೆ ಅಲಮೇಲು ಸಿಗುತ್ತಾಳೆ, ಹೋಟೆಲಿನ ಕೋಣೆಯಲ್ಲಿ. ಕಟ್ಟಿಕೊಂಡ ಗಂಡನೇ ಅವಳನ್ನು ಮೈಮಾರುವ ದಂಧೆಗೆ ದೂಡಿದ್ದಾನೆ. ಆರತಿ ಆ ದೃಶ್ಯದಲ್ಲಿ ಹೆಚ್ಚು ಮಾತಾಡುವುದಿಲ್ಲ, ಮಾತಾಡಿದ್ದರೆ ಕೆಡುತ್ತಿತ್ತು. ನಮ್ಮ ಮನೆಯಲ್ಲೂ ಯಾರೂ ಮಾತಾಡಲಿಲ್ಲ. ಆಮೇಲಿನದು ಎಲ್ಲರಿಗೂ ಗೊತ್ತು. ಕ್ರೈಸ್ತ ಹುಡುಗಿಯನ್ನು ಮದುವೆಯಾಗುವೆನೆಂಬ ಶಿಷ್ಯನನ್ನು ಮೇಷ್ಟ್ರು ಮತ್ತೆ ತಡೆಯುತ್ತಾರೆ. ಹಿಂದೆ ಒಮ್ಮೆ ಅವರ ಮಾತು ಕೇಳಿ ಏನಾಯಿತೆಂದು ಈಗ ಅವನಿಗೆ ಗೊತ್ತಿದೆ. ಬೆಟ್ಟದ ತುದಿಯಲ್ಲಿ ಅವನ ಕೈಯಿಂದಲೇ ಮೇಷ್ಟ್ರ ಸಾವು. ಅದರ ಬೆನ್ನಿಗೇ ಅವನೂ ಮಾರ್ಗರೆಟ್ಟೂ ಹಾರಿಕೊಳ್ಳುತ್ತಾರೆ.

ಸಿನಿಮಾ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಶುರುವಾದ ಜಗಳವನ್ನು ಇಲ್ಲಿ ಬರೆಯಲೆಂದೇ ಈ ಲೇಖನಕ್ಕೆ ಕೂತೆ.

ಅವ್ವನ ವಾದ ಸರಳ. ‘ಗಂಡ ಹಂಗಿದ್ರೆ ಮೇಷ್ಟ್ರೇನ್ ಮಾಡ್ತಾರೆ? ಅವರು ಹೇಳಿದ್ದು ಅವಳ ಒಳ್ಳೇದಕ್ಕೇ. ಹಣೇಬರ ಅವಳದು.’

‘ಅಜ್ಜಿ, ಆ ಗಂಡನ್ನ ಯಾರಾದ್ರೂ ಸರಿಯಾಗಿ ನೋಡಿದ್ರಾ? ಜಾತಿ ಒಂದು ನೋಡಿದ್ರು. ರಾಮಾಚಾರಿನ ಅಷ್ಟು ವರ್ಷ ಹತ್ತಿರದಿಂದ ನೋಡಿದ ಮೇಷ್ಟ್ರಿಗೇ ಅವನು ಒಳ್ಳೇ ಹುಡುಗ ಅಂತ ಗೊತ್ತಿತ್ತು. ಆದ್ರೂ ಬೇಡ ಅಂದ್ರು.’

‘ಆಗಿನ ಕಾಲ ಹಂಗಿತ್ತವ್ವ.’

‘ಹಂಗಿದ್ದ ಕಾಲದಲ್ಲೇ ಪುಟ್ಟಣ್ಣ ಅವರು ಇದನ್ನ ತೆಗೆದಿದ್ದು. ಕಾಲ ಸರಿ ಇತ್ತು ಅಂತ ಅವರು ಹೇಳ್ತಿದ್ರೆ ಅಲಮೇಲುನ ಆ ಕೋಣೇಲಿ ಯಾಕೆ ತೋರಿಸ್ತಿದ್ರು?’

ಅವ್ವ ಎದ್ದು ಒಳಗೆ ಹೋದಳು. ಸಿಟ್ಟಿನಿಂದಲೋ ಅಡುಗೆಗೋ ತಿಳಿಯಲಿಲ್ಲ.

ಕೊನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚಾಮಯ್ಯ ಮೇಷ್ಟ್ರೆಂದರೆ ಕೆ.ಎಸ್. ಅಶ್ವಥ್. ಆ ಮುಖದಲ್ಲಿ ಕೇಡು ಕಾಣಲು ಕನ್ನಡಿಗನ ಕಣ್ಣಿಗೆ ಆಗುವುದಿಲ್ಲ. ಪಕ್ಕದಲ್ಲಿ ತುಂಗಮ್ಮನಾಗಿ ಲೀಲಾವತಿ. ಮಕ್ಕಳಿಲ್ಲದ ದಂಪತಿ, ಊರೆಲ್ಲ ಪುಂಡನೆಂದು ಬೈದ ಹುಡುಗನಿಗೆ ಅನ್ನವಿಕ್ಕುವ ಮನೆ. ಇಷ್ಟು ಕಟ್ಟಿಕೊಟ್ಟ ಮೇಲೆ ಪ್ರೇಕ್ಷಕ ಮೇಷ್ಟ್ರ ಕಡೆಗೇ ವಾಲುತ್ತಾನೆಂದು ಪುಟ್ಟಣ್ಣನಿಗೆ ಗೊತ್ತಿರಲಿಲ್ಲವೆ? ಖಂಡಿತ ಗೊತ್ತಿತ್ತು. ಅದಕ್ಕೂ ಹಿಂದೆ ಅವರು ಕೈಹಾಕಿದ್ದ ಕಥೆಗಳನ್ನು ನೆನೆಯಿರಿ: ತ್ರಿವೇಣಿಯವರ ‘ಬೆಳ್ಳಿಮೋಡ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಮತ್ತೆ ತ್ರಿವೇಣಿಯವರದೇ ‘ಶರಪಂಜರ’. ಮೂರರಲ್ಲೂ ಒಳ್ಳೆಯವರೆನಿಸಿಕೊಂಡವರ ನಡುವೆ ಒಬ್ಬ ಹೆಣ್ಣುಮಗಳು ಸವೆಯುತ್ತಾಳೆ. ‘ಶರಪಂಜರ’ದ ಕಾವೇರಿಗೆ ಹುಚ್ಚು ಹಿಡಿಸಿದ್ದು ಯಾವ ರಾಕ್ಷಸನೂ ಅಲ್ಲ, ಸಂಭಾವಿತ ಗಂಡ ಮತ್ತು ಸಂಭಾವಿತ ನೆರೆಹೊರೆ. ಅದರ ಮರುವರ್ಷವೇ ಬಂದ ‘ನಾಗರಹಾವು’ ಗಂಡಸಿನ ಸಿನಿಮಾ, ಸಿಟ್ಟಿನ ಸಿನಿಮಾ ಎಂದು ನಾವು ಬಗೆದೆವು. ವಿಷ್ಣುವಿನ ಕಣ್ಣಿನ ಕೆಂಡ ನಮ್ಮನ್ನು ಅಷ್ಟು ಸೆಳೆಯಿತು. ಆದರೆ ಕಥೆಯ ಬೆನ್ನುಮೂಳೆ ಅಲಮೇಲು. ಅವಳನ್ನು ತೆಗೆದುಬಿಟ್ಟರೆ ಕೊನೆಯಲ್ಲಿ ಮೇಷ್ಟ್ರು ಸಾಯಬೇಕಾದ ಕಾರಣವೇ ಇರುವುದಿಲ್ಲ. ಗುರು ದೊಡ್ಡವನೆಂದು ಹೇಳಲು ಹೊರಟ ಚಿತ್ರವಾಗಿದ್ದರೆ ಗುರುವನ್ನು ಶಿಷ್ಯನ ಕೈಯಿಂದ ಬೆಟ್ಟದ ಕೆಳಗೆ ಕೆಡವುವ ಅಗತ್ಯವಿರಲಿಲ್ಲ.

ಹಾಗೆಂದು ಮೇಷ್ಟ್ರು ಖಳನಾಯಕ ಎಂದು ಅವಳಷ್ಟು ಸಲೀಸಾಗಿ ನಾನು ಹೇಳಲಾರೆ. ಖಳನಾದರೆ ಸುಲಭ, ದ್ವೇಷಿಸಿ ಮುಗಿಸಬಹುದು. ಪ್ರೀತಿಯಿಂದಲೇ ಒಬ್ಬ ಹುಡುಗಿಯ ಬದುಕನ್ನು ಹಾಳುಮಾಡಿದ ಸಜ್ಜನ ಆತ, ಅದರಿಂದಲೇ ಆ ಪಾತ್ರ ಇಷ್ಟು ವರ್ಷ ಬಾಳಿದೆ. ಆ ವರ್ಷದ ರಾಜ್ಯ ಪ್ರಶಸ್ತಿಗಳಲ್ಲಿ ಉತ್ತಮ ನಟ ವಿಷ್ಣುವರ್ಧನ್, ಉತ್ತಮ ನಟಿ ಆರತಿ. ತೀರ್ಪುಗಾರರಿಗಾದರೂ ಅಲಮೇಲು ಕಂಡಿದ್ದಳು.

ತರಾಸು ಅವರಿಗೇ ಈ ಚಿತ್ರ ರುಚಿಸಿರಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ಅವರು ಸಿಡುಕಿದ್ದು ಚಿತ್ರರಂಗದಲ್ಲಿ ಇಂದಿಗೂ ಓಡಾಡುವ ಮಾತು. ಮೂರು ಕಾದಂಬರಿ ಬರೆದವನಿಗೆ ಒಂದು ಸಿನಿಮಾ ಸಣ್ಣದಾಗಿ ಕಂಡರೆ ಅಚ್ಚರಿಯಿಲ್ಲ. ಆದರೆ ಇಬ್ಬರ ನಂಟು ಅಲ್ಲಿಗೇ ಮುರಿದುಬೀಳಲಿಲ್ಲ. ಪುಟ್ಟಣ್ಣನ ಕೊನೆಯ ಚಿತ್ರ ‘ಮಸಣದ ಹೂವು’ ಕೂಡ ತರಾಸು ಕಾದಂಬರಿಯದೇ. ತರಾಸು 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಪುಟ್ಟಣ್ಣ 1985ರ ಜೂನ್‌ನಲ್ಲಿ. ಆ ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಬೇಕಾಯಿತು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಪಡೆಯಲು ತರಾಸು ಇರಲಿಲ್ಲ. ಮಲೇಬೆನ್ನೂರಿನಲ್ಲಿ ಹುಟ್ಟಿದವರ ಕಥೆಗಳಿಂದ ಸಿನಿಮಾ ಮಂದಿ ಎಷ್ಟು ಬೆಳೆ ತೆಗೆದರು ನೋಡಿ: ‘ಚಂದವಳ್ಳಿಯ ತೋಟ’, ‘ಚಕ್ರತೀರ್ಥ’, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’, ರಾಜ್‌ಕುಮಾರ್ ಅವರ ‘ಆಕಸ್ಮಿಕ’. ‘ಹಂಸಗೀತೆ’ಯನ್ನಂತೂ ಕನ್ನಡಕ್ಕಿಂತ ಎಷ್ಟೋ ಮೊದಲೇ, 1956ರಲ್ಲಿ, ಹಿಂದಿಯವರು ‘ಬಸಂತ್ ಬಹಾರ್’ ಮಾಡಿಕೊಂಡಿದ್ದರು.

‘ನಾಗರಹಾವು’ ಕೂಡ ಊರು ಸುತ್ತಿತು. 1974ರಲ್ಲಿ ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’, ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’. ಹಿಂದಿಯದನ್ನು ಪುಟ್ಟಣ್ಣನೇ ಮಾಡಿದರು. ರಾಮಾಚಾರಿಯ ಜಾಗದಲ್ಲಿ ರಿಷಿ ಕಪೂರ್, ಮೇಷ್ಟ್ರ ಜಾಗದಲ್ಲಿ ಪ್ರಾಣ್. ಬಂಡೆ ಅವೇ, ನಿರ್ದೇಶಕ ಅವರೇ. ಆದರೂ ಹತ್ತಲಿಲ್ಲ. ನನ್ನ ಅಕ್ಕನ ಮಗಳು ಅದನ್ನೂ ಹುಡುಕಿ ಅರ್ಧ ನೋಡಿ ‘ಇವನ ಕೋಪ ನಂಬೋಕಾಗಲ್ಲ ಮಾವ, ಮನೇಲಿ ಮುದ್ದಾಗಿ ಬೆಳೆದ ಹುಡುಗ’ ಎಂದು ಷರಾ ಬರೆದಳು.

ಒಂದು ವಿಷಯದಲ್ಲಿ ಮಾತ್ರ ಅವಳ ಬಗ್ಗೆ ನನಗೆ ಕನಿಕರ. ದೊಡ್ಡ ತೆರೆಯಲ್ಲಿ ನೋಡಲಿಲ್ಲ. 2018ರ ಜುಲೈನಲ್ಲಿ ‘ನಾಗರಹಾವು’ ಹೊಸ ಧ್ವನಿ, ಹೊಸ ಬಣ್ಣ, ಸಿನಿಮಾಸ್ಕೋಪ್ ಅಗಲದೊಂದಿಗೆ ಮತ್ತೆ ಬಿಡುಗಡೆಯಾಗಿತ್ತು. ವಿಷ್ಣು ತೀರಿಕೊಂಡು ಎಂಟು ವರ್ಷ ಕಳೆದಿದ್ದರೂ ಥಿಯೇಟರುಗಳ ಮುಂದೆ ಕಟೌಟ್ ಎದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಂಬರೀಷ್ ಹೋದರು. ಆಗ ಇವಳು ಶಾಲೆಯ ಹುಡುಗಿ, ಯಾರೂ ಕರೆದೊಯ್ಯಲಿಲ್ಲ. ಆ ಮರುಬಿಡುಗಡೆಯ ಬಗ್ಗೆ ನನ್ನದೊಂದು ಆಕ್ಷೇಪವೂ ಉಂಟು. ಅಂದಿನ ಚಿತ್ರದ ಚೌಕಟ್ಟು ಎತ್ತರದ್ದು. ಅದನ್ನು ಅಗಲದ ತೆರೆಗೆ ಹಿಗ್ಗಿಸಬೇಕಾದರೆ ಮೇಲೆ ಕೆಳಗೆ ಕತ್ತರಿ ಬೀಳಲೇಬೇಕು. ಬೆಟ್ಟದ ಎತ್ತರವೇ ಕಥೆಯ ಜೀವಾಳವಾದ ಚಿತ್ರಕ್ಕೆ ಇದು ನ್ಯಾಯವಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್‌ನವರು ಮಾರ್ಟಿನ್ ಸ್ಕಾರ್ಸೆಸೆ ಅವರ ಸಂಸ್ಥೆಯೊಡನೆ ಸೇರಿ ಇದ್ದುದನ್ನು ಇದ್ದಂತೆಯೇ ಉಳಿಸಿ ದುರಸ್ತಿ ಮಾಡಿದರು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಜನಪ್ರಿಯ ಚಿತ್ರಗಳಿಗೂ ಅಂಥ ಮರ್ಯಾದೆ ಸಲ್ಲಬೇಕು. ಪ್ರಶಸ್ತಿಯ ಸಿನಿಮಾ ವೆನಿಸ್‌ಗೆ, ಜನ ಮೆಚ್ಚಿದ ಸಿನಿಮಾ ಯೂಟ್ಯೂಬಿನ ಮಸುಕು ಪ್ರತಿಗೆ ಎಂಬ ಪಂಕ್ತಿಭೇದ ಯಾಕೆ?

ಇನ್ನು ನಮ್ಮ ಊರಿನ ಮಾತು. ಸಾಗರದ ಹತ್ತಿರದ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ಸುಲಿಯುವವರನ್ನೂ ಕೂರಿಸಿ ಜಗತ್ತಿನ ಸಿನಿಮಾ ತೋರಿಸಿದರು. ದಾವಣಗೆರೆ ಎರಡು ವೈದ್ಯಕೀಯ ಕಾಲೇಜು, ಒಂದು ವಿಶ್ವವಿದ್ಯಾಲಯ ಇರುವ ನಗರ. ಸಭಾಂಗಣಗಳಿವೆ, ಪ್ರೊಜೆಕ್ಟರುಗಳಿವೆ, ಎಸಿ ಕೂಡ ಇದೆ. ಕಾಲೇಜು ದಿನಾಚರಣೆಗೆ ಡಿಜೆ ಕರೆಸುವ ದುಡ್ಡಿನಲ್ಲಿ ಒಂದು ಹಳೆಯ ಚಿತ್ರದ ಹಕ್ಕುದಾರರನ್ನು ಕೇಳಿ ಒಂದು ಒಳ್ಳೆಯ ಪ್ರದರ್ಶನ ಏರ್ಪಡಿಸಬಹುದು. ಏಪ್ರಿಲ್ 21 ತರಾಸು ಹುಟ್ಟಿದ ದಿನ. ಪರೀಕ್ಷೆಯ ಕಾಲ ಎನ್ನುತ್ತೀರೇನೊ. ಕಾಪಿ ಹೊಡೆದು ಸಿಕ್ಕಿಬಿದ್ದವನಿಂದಲೇ ಶುರುವಾಗುವ ಸಿನಿಮಾಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ? ಹರಿಹರದ ಕಾಲೇಜಿನವರು ಮಾಡಲಿ, ದಾವಣಗೆರೆಯವರು ಮಾಡಲಿ, ಮಲೇಬೆನ್ನೂರಿನವರು ತಮ್ಮೂರ ಮಗನೆಂದು ತಾವೇ ಮಾಡಿದರೆ ಇನ್ನೂ ಸರಿ.

ಕರೆದವರಿಗೆ ಒಂದೇ ಕೋರಿಕೆ. ಸಿನಿಮಾಕ್ಕೆ ಮುಂಚೆ ಗುರುಶಿಷ್ಯ ಸಂಬಂಧದ ಮೇಲೆ ಭಾಷಣ ಇಟ್ಟುಕೊಳ್ಳಬೇಡಿ, ಕಥೆಯನ್ನೂ ಹೇಳಬೇಡಿ. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಮೈಕನ್ನು ಮೊದಲು ಹುಡುಗಿಯರ ಕೈಗೆ ಕೊಡಿ.